ಹಿಂದಿನ ಎರಡು ಸ್ಪೀಕರ್‌ಗಳಿಗಾಗಿ

ಜರ್ಮನಿಯ ಫ್ರೈಬರ್ಗ್ ಊರಿನ ಹಳೇ ಚರ್ಚಿನಲ್ಲಿ ನಾಲ್ಕು ಪೈಪ್ ಆರ್ಗನ್‌ಗಳಿವೆ. ಒಂದು ಹಿಂಬದಿಯ ಅಟ್ಟದ ಮೇಲೆ, ಒಂದು ನಡು ಅಂಗಣದ ಗೋಡೆಯ ಎತ್ತರದಲ್ಲಿ, ಒಂದು ಪಕ್ಕದ ತೋಳಿನಲ್ಲಿ, ಇನ್ನೊಂದು ಪೂಜಾವೇದಿಕೆಯ ಕಡೆ. ನಾಲ್ಕನ್ನೂ ಒಬ್ಬರೇ ಒಂದೇ ಕಡೆ ಕೂತು ನುಡಿಸಬಹುದು. 1970ರ ದಶಕದ ಮೊದಲರ್ಧದಲ್ಲಿ ಇ. ಪವರ್ ಬಿಗ್ಸ್ ಎಂಬ ಆರ್ಗನ್ ವಾದಕರು ಅಲ್ಲಿ ಕೂತು ಬಾಕ್‌ನ ನಾಲ್ಕು ಟೊಕಾಟಾ-ಫ್ಯೂಗ್‌ಗಳನ್ನು ನುಡಿಸಿದರು. ಕೊಲಂಬಿಯಾ ಕಂಪನಿಯವರು ಅದನ್ನು ನಾಲ್ಕು ಚಾನೆಲ್‌ಗಳಲ್ಲಿ ಧ್ವನಿಮುದ್ರಿಸಿಕೊಂಡರು.

ಅದನ್ನು ಎರಡು ಸ್ಪೀಕರ್‌ಗಳಲ್ಲಿ ಹಾಕಿ ನೋಡಿ. ನಾಲ್ಕೂ ಆರ್ಗನ್‌ಗಳು ಬಂದು ನಿಮ್ಮ ಟಿವಿಯ ಅಕ್ಕಪಕ್ಕ ಒತ್ತೊತ್ತಾಗಿ ನಿಲ್ಲುತ್ತವೆ. ಕೇಳಲು ಚೆನ್ನಾಗಿಯೇ ಇರುತ್ತದೆ, ಆದರೆ ಬಿಗ್ಸ್ ನುಡಿಸಿದ್ದು ಅದಲ್ಲ. ನಾಲ್ಕು ಸ್ಪೀಕರ್‌ಗಳಲ್ಲಿ ಹಾಕಿದರೆ ಮುಂದಿನಿಂದ ಒಂದು ಸೊಲ್ಲು ಹೊರಡುತ್ತದೆ, ಬೆನ್ನ ಹಿಂದಿನಿಂದ ಅದಕ್ಕೆ ಉತ್ತರ ಬರುತ್ತದೆ, ಎರಡೂ ನಿಮ್ಮ ತಲೆಯ ಮೇಲೆ ಎಲ್ಲೋ ಸೇರುತ್ತವೆ. ಫ್ಯೂಗ್ ಎಂದರೆ ದನಿಗಳು ಒಂದರ ಬೆನ್ನು ಹತ್ತಿ ಇನ್ನೊಂದು ಓಡುವುದು ಎಂದು ಪುಸ್ತಕದಲ್ಲಿ ಓದಿದ್ದೆ. ಆ ಓಟಕ್ಕೆ ಒಂದು ಜಾಗವೂ ಬೇಕು ಎನ್ನುವುದು ನನಗೆ ಗೊತ್ತಾದದ್ದು ಇದರ ಎಸ್‌ಎಸಿಡಿ, ಅಂದರೆ ಎರಡಕ್ಕಿಂತ ಹೆಚ್ಚು ಚಾನೆಲ್‌ಗಳನ್ನೂ ಹಿಡಿಸಬಲ್ಲ ಸೂಪರ್ ಆಡಿಯೋ ಸಿಡಿ, ಕೇಳಿದ ಮೇಲೆ.

ಸರೌಂಡ್ ಡಿಸ್ಕ್, ಅಂದರೆ ಸುತ್ತಲಿಂದಲೂ ಸದ್ದು ಬರುವ ಡಿಸ್ಕ್, ಕೂಡಿಡುವುದು ಏಕೆ ಎಂದು ಕೇಳುವವರಿಗೆಲ್ಲ ನಾನು ಈ ಡಿಸ್ಕನ್ನೇ ಮೊದಲು ಹಾಕುತ್ತೇನೆ. ಒಂದು ಆಲ್ಬಂನ ನಾಲ್ಕು ಚಾನೆಲ್ ಮಿಕ್ಸ್ ಆಗಲಿ, 5.1 ಮಿಕ್ಸ್ (ಐದು ಸ್ಪೀಕರ್, ಜೊತೆಗೆ ಮಂದ್ರಕ್ಕೆ ಒಂದು) ಆಗಲಿ, ಸ್ಟೀರಿಯೋಗೆ ಹಚ್ಚಿದ ಅಲಂಕಾರವಲ್ಲ. ಒಬ್ಬರು ಸ್ಟುಡಿಯೋದಲ್ಲಿ ಕೂತು, ಮೂಲ ಟೇಪುಗಳನ್ನು ಬಿಚ್ಚಿ, ಯಾವ ವಾದ್ಯ ಎಲ್ಲಿ ನಿಲ್ಲಬೇಕು ಎಂದು ಮೊದಲಿನಿಂದ ನಿರ್ಧರಿಸಿದ ಬೇರೆಯೇ ಕೆಲಸ ಅದು. ಆ ಕೆಲಸ ಬಹಳ ಸಲ ಒಂದೇ ಒಂದು ಡಿಸ್ಕಿನಲ್ಲಿ, ಕೆಲವೇ ಸಾವಿರ ಪ್ರತಿಗಳಲ್ಲಿ ಇರುತ್ತದೆ. ಪ್ರತಿಗಳು ಮುಗಿದವೆಂದರೆ ಕೇಳಬೇಕು ಎಂದವರಿಗೆ ದಾರಿಯೇ ಇಲ್ಲ.

ನಾನು ಸಾಗರದವಳು. ಈಗ ಕೆಲಸದ ಸಲುವಾಗಿ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಇದ್ದೇನೆ. ಇಲ್ಲಿ ಕನ್ನಡದವರು ಬೇಕಾದಷ್ಟು ಜನ ಸಿಗುತ್ತಾರೆ, ಹೆಚ್ಚಿನವರು ಚಿಪ್ ಮತ್ತು ಯಂತ್ರಗಳ ಕಂಪನಿಗಳಲ್ಲಿ. ಇದು ಫಿಲಿಪ್ಸ್ ಕಟ್ಟಿದ ಊರು. 1979ರ ಮಾರ್ಚ್‌ನಲ್ಲಿ ಕಾಂಪ್ಯಾಕ್ಟ್ ಡಿಸ್ಕನ್ನು ಪತ್ರಕರ್ತರ ಮುಂದೆ ಮೊದಲು ನುಡಿಸಿ ತೋರಿಸಿದ್ದು ಇಲ್ಲೇ. ಸ್ಟ್ರೈಪ್-ಎಸ್ ಎಂಬ ಬಡಾವಣೆಯಲ್ಲಿ ಹಳೆಯ ಫಿಲಿಪ್ಸ್ ಕಾರ್ಖಾನೆಗಳು ಈಗ ಫ್ಲ್ಯಾಟು, ಕಾಫಿ ಅಂಗಡಿಗಳಾಗಿವೆ. ವಾರಾಂತ್ಯದಲ್ಲಿ ಆ ಕಡೆ ಸೈಕಲ್ ಹೊಡೆಯುವಾಗಲೆಲ್ಲ ನನಗೆ ಸಂಯೋಜಕ ಎಡ್ಗರ್ ವರೇಸ್ ನೆನಪಾಗುತ್ತಾರೆ. 1958ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ವಿಶ್ವ ಮೇಳಕ್ಕೆ ಫಿಲಿಪ್ಸ್ ಕಂಪನಿ ಒಂದು ಮಂಟಪ ಕಟ್ಟಿಸಿತು. ಕಟ್ಟಡದ ಹೊಣೆ ಲೆ ಕಾರ್ಬೂಸಿಯೆಯದು, ಅದರ ಬಾಗಿದ ಗೋಡೆಗಳ ವಿನ್ಯಾಸ ಕ್ಸೆನಾಕಿಸ್‌ದು. ಒಳಗೆ ನುಡಿಯಬೇಕಾದ ಸಂಗೀತವನ್ನು ವರೇಸ್ ಐಂಡ್‌ಹೋವನ್‌ಗೆ ಬಂದು, ಫಿಲಿಪ್ಸ್ ತಂತ್ರಜ್ಞರ ಜೊತೆ ಕೂತು ಟೇಪಿನಲ್ಲಿ ಕಟ್ಟಿದರು. ಮಂಟಪದ ಗೋಡೆಗಳ ತುಂಬ ಮುನ್ನೂರಕ್ಕೂ ಹೆಚ್ಚು ಸ್ಪೀಕರ್‌ಗಳು. ಸದ್ದು ಒಂದು ಗೋಡೆಯಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುತ್ತಿತ್ತಂತೆ. ಮೇಳ ಮುಗಿದ ಮೇಲೆ ಮಂಟಪವನ್ನು ಕೆಡವಿದರು. ಸಂಗೀತದ ಟೇಪು ಉಳಿಯಿತು, ಅದು ನಡೆದಾಡಿದ ಜಾಗ ಉಳಿಯಲಿಲ್ಲ.

ಜಾಗವನ್ನೂ ಸೇರಿಸಿ ಮನೆಗೆ ಒಯ್ಯಬಹುದು ಎಂದು ಹೊರಟವರು 1970ರ ದಶಕದ ಕ್ವಾಡ್‌ನವರು. ಕ್ವಾಡ್ರಫೋನಿಕ್ ಎಂಬ ಉದ್ದ ಹೆಸರನ್ನು ಯಾರೂ ಬಳಸುವುದಿಲ್ಲ, ಎಲ್ಲರ ಬಾಯಲ್ಲೂ ಕ್ವಾಡ್. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್. ತೊಡಕು ಇದ್ದದ್ದು ಎಲ್‌ಪಿ ತಟ್ಟೆಯಲ್ಲಿ. ಅದರ ಗೀರಿಗೆ ಇರುವುದು ಎರಡೇ ಗೋಡೆ, ಅಂದರೆ ಎರಡೇ ಚಾನೆಲ್. ಸಿಬಿಎಸ್ ಕಂಪನಿಯ ಎಸ್‌ಕ್ಯೂ ಮತ್ತು ಸಾನ್‌ಸುಯಿಯವರ ಕ್ಯೂಎಸ್ ಪದ್ಧತಿಗಳಲ್ಲಿ ನಾಲ್ಕು ಚಾನೆಲ್‌ಗಳನ್ನು ಎರಡರೊಳಗೆ ಕಲಸಿ, ಮನೆಯಲ್ಲಿ ಡಿಕೋಡರ್ ಇಟ್ಟು ಮತ್ತೆ ಬೇರ್ಪಡಿಸುತ್ತಿದ್ದರು. ಕಲಸಿದ್ದು ಪೂರ್ತಿ ಬೇರೆಯಾಗುತ್ತಿರಲಿಲ್ಲ. ಹಿಂದಿನ ಗಿಟಾರ್ ಮುಂದೆಯೂ ಸೋರುತ್ತಿತ್ತು. ಜೆವಿಸಿ ಕಂಪನಿಯ ಸಿಡಿ-4 ಪದ್ಧತಿಯಲ್ಲಿ ನಾಲ್ಕೂ ಬೇರೆಬೇರೆಯಾಗಿಯೇ ಬರುತ್ತಿದ್ದವು, ಆದರೆ ಅದಕ್ಕಾಗಿ ಮನುಷ್ಯರ ಕಿವಿಗೆ ಕೇಳಿಸದ 30 ಕಿಲೋಹರ್ಟ್ಸ್‌ನ ವಾಹಕ ತರಂಗವೊಂದನ್ನು ಗೀರಿನಲ್ಲಿ ಕೊರೆಯಬೇಕಿತ್ತು. ಅದನ್ನು ಓದಲು ಸಾಮಾನ್ಯ ಮುಳ್ಳು ಸಾಲದು. ಶಿಬಾಟಾ ಎಂಬ ವಿಶೇಷ ಆಕಾರದ ಮುಳ್ಳು ಹುಟ್ಟಿದ್ದೇ ಈ ಕಾರಣಕ್ಕೆ. ತಟ್ಟೆ ಸವೆದಂತೆ ಆ ತರಂಗ ಅಳಿಸಿ, ಹಾಡಿನ ಜಾಗದಲ್ಲಿ ಸರಸರ ಸದ್ದು ಉಳಿಯುತ್ತಿತ್ತು. ಒಂದಕ್ಕೊಂದು ಹೊಂದದ ಪದ್ಧತಿಗಳು, ದುಬಾರಿ ಉಪಕರಣ. ದಶಕ ಮುಗಿಯುವ ಮೊದಲೇ ಅಂಗಡಿಗಳಿಂದ ಕ್ವಾಡ್ ಮಾಯವಾಯಿತು.

ಆದರೆ ಸ್ಟುಡಿಯೋಗಳ ಮಾಸ್ಟರ್ ಟೇಪುಗಳಿಗೆ ಈ ಕಷ್ಟ ಯಾವುದೂ ಇರಲಿಲ್ಲ. ಟೇಪಿನಲ್ಲಿ ನಾಲ್ಕು ಚಾನೆಲ್ ಎಂದರೆ ನಾಲ್ಕು ಬೇರೆ ಹಾದಿಗಳು, ಒಂದಕ್ಕೊಂದು ತಾಗದೆ. ಅಂದರೆ 1974ರಲ್ಲಿ ದುಡ್ಡು ಕೊಟ್ಟು ಎಸ್‌ಕ್ಯೂ ತಟ್ಟೆ ಕೊಂಡವರು ಕೇಳಿದ್ದು ಕಲಸಿಹೋದ ರೂಪವನ್ನು. ಇವತ್ತು ಅದೇ ಟೇಪಿನಿಂದ ಎಸ್‌ಎಸಿಡಿ ಮಾಡಿದರೆ ನಮಗೆ ಸಿಗುವುದು ಅಂದು ಮಿಕ್ಸಿಂಗ್ ಮೇಜಿನ ಮುಂದೆ ಕೂತವರು ಕೇಳಿದ್ದ ಸಂಗೀತ. ನನ್ನ ಮೈ ಜುಮ್ಮೆನ್ನುವುದು ಈ ವಿಷಯಕ್ಕೆ. ಹಳೆಯ ವಸ್ತುವನ್ನು ಹುಡುಕಿ ಇಟ್ಟುಕೊಂಡ ಸಂತೋಷ ಇದಲ್ಲ. ಆ ಸಂಗೀತ ಐವತ್ತು ವರ್ಷಗಳ ನಂತರ ಸರಿಯಾಗಿ ಕೇಳಿಸುತ್ತಿದೆ.

ಎಸ್‌ಎಸಿಡಿ ಬಂದದ್ದು 1999ರಲ್ಲಿ, ಸೋನಿ ಮತ್ತು ಫಿಲಿಪ್ಸ್ ಸೇರಿ ತಂದದ್ದು. ಮರುವರ್ಷ ಎದುರಾಳಿಯಾಗಿ ಡಿವಿಡಿ-ಆಡಿಯೋ. ಮತ್ತೆ ಅದೇ ಕಥೆ, ಒಂದರ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ನಡೆಯುವುದಿಲ್ಲ. ಜನ ಎರಡನ್ನೂ ಬಿಟ್ಟು ಎಂಪಿ3 ಕಡೆ ಹೋದರು. ಇವೆರಡಕ್ಕೂ ಮೊದಲು, 1990ರ ದಶಕದಲ್ಲಿ, ಡಿಟಿಎಸ್ ಸಿಡಿ ಎಂಬುದೂ ಇತ್ತು. ನೋಡಲು ಮಾಮೂಲಿ ಸಿಡಿ, ಡಿಕೋಡರ್ ಇಲ್ಲದೆ ಹಾಕಿದರೆ ಬರೀ ಭೋರ್ಗರೆತ. ಈಗ ಬ್ಲೂ-ರೇ ಆಡಿಯೋ. ನನ್ನ ಕಪಾಟಿನಲ್ಲಿ ಎಲ್ಲವೂ ಇವೆ, ಎಲ್ಲವನ್ನೂ ನುಡಿಸುತ್ತೇನೆ. ಯಾವುದು ಮೇಲು ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಮಿಕ್ಸ್ ಮಾಡಿದವರ ಕಿವಿ ಚೆನ್ನಾಗಿದ್ದರೆ ಡಿಟಿಎಸ್ ಸಿಡಿಯೂ ಸೊಗಸಾಗಿ ನುಡಿಯುತ್ತದೆ.

ನಾನು ಹುಡುಕುವುದನ್ನು ಕಲಿತದ್ದು ಉಟ್ರೆಕ್ಟ್‌ನ ಯಾರ್‌ಬ್ಯೂರ್ಸ್ ಸಭಾಂಗಣಗಳಲ್ಲಿ ನಡೆಯುತ್ತಿದ್ದ ದೊಡ್ಡ ರೆಕಾರ್ಡ್ ಮೇಳದಲ್ಲಿ. ಅಷ್ಟು ವಿಸ್ತಾರದ ಜಾಗದಲ್ಲಿ ಮುಕ್ಕಾಲು ಪಾಲು ಎಲ್‌ಪಿಗಳು. ಸಿಡಿಗಳು ಮೇಜಿನ ಕೆಳಗೆ ಬಾಳೆಹಣ್ಣಿನ ಪೆಟ್ಟಿಗೆಗಳಲ್ಲಿ. ಎಸ್‌ಎಸಿಡಿಗಳ ಡಬ್ಬಿಗೆ ಒಂದು ಗುರುತಿದೆ, ಮೂಲೆಗಳು ದುಂಡಗಿರುತ್ತವೆ. ಸಾಲಾಗಿ ಬೆರಳಾಡಿಸುತ್ತ ಹೋದರೆ ಚೂಪು ಮೂಲೆಗಳ ನಡುವೆ ಒಂದು ದುಂಡು ಮೂಲೆ ತಾಗಿದ ಕೂಡಲೇ ಕೈ ತಾನಾಗಿ ನಿಲ್ಲುತ್ತದೆ. ಹೈಬ್ರಿಡ್ ಎಸ್‌ಎಸಿಡಿಯಲ್ಲಿ ಮಾಮೂಲಿ ಸಿಡಿಯ ಪದರವೂ ಇರುವುದರಿಂದ ಮಾರುವವರಿಗೆ, ಕೆಲವೊಮ್ಮೆ ಮೊದಲು ಕೊಂಡವರಿಗೂ, ಅದರಲ್ಲಿ ಸರೌಂಡ್ ಇದೆ ಎಂಬುದೇ ತಿಳಿದಿರುವುದಿಲ್ಲ. ಹಾಗೆ ಕೆಲವು ಯೂರೋಗಳಿಗೆ ಸಿಕ್ಕಿದ್ದು ಪೆಂಟಾಟೋನ್ ಕಂಪನಿಯ ಒಂದು ಡಿಸ್ಕ್: ಬೀಥೋವನ್‌ನ ವಯಲಿನ್ ಕಾನ್ಚೆರ್ಟೋ, ವಯಲಿನ್ ಆರ್ತರ್ ಗ್ರುಮಿಯೊ, ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಹೆಬೌ ವಾದ್ಯವೃಂದ, ನಿರ್ದೇಶನ ಕಾಲಿನ್ ಡೇವಿಸ್. ಧ್ವನಿಮುದ್ರಣ 1974.

ಈ ಡಿಸ್ಕಿನ ಹಿಂದಿನ ಸಂಗತಿಯೂ ಫಿಲಿಪ್ಸ್ ಕಂಪನಿಯದೇ. 1970ರ ದಶಕದಲ್ಲಿ ಫಿಲಿಪ್ಸ್‌ನ ಶಾಸ್ತ್ರೀಯ ಸಂಗೀತ ವಿಭಾಗದವರು ತಮ್ಮ ಎಷ್ಟೋ ಧ್ವನಿಮುದ್ರಣಗಳನ್ನು ನಾಲ್ಕು ಚಾನೆಲ್‌ಗಳಲ್ಲಿ ಮಾಡಿಟ್ಟರು. ಆದರೆ ಆ ಕಾಲದ ಕ್ವಾಡ್ ಎಲ್‌ಪಿಗಳ ಗುಣಮಟ್ಟ ಅವರಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಸ್ಟೀರಿಯೋ ಮಾತ್ರ ಹೊರತಂದು, ನಾಲ್ಕು ಚಾನೆಲ್‌ಗಳ ಟೇಪುಗಳನ್ನು ಎತ್ತಿಟ್ಟರು. 2001ರಲ್ಲಿ ಫಿಲಿಪ್ಸ್ ಕ್ಲಾಸಿಕ್ಸ್‌ನಲ್ಲಿ ಕೆಲಸ ಮಾಡಿದ್ದ ಕೆಲವರೇ ಸೇರಿ ಬಾರ್ನ್ ಎಂಬ ಊರಿನಲ್ಲಿ ಪೆಂಟಾಟೋನ್ ಶುರು ಮಾಡಿದರು, ಎತ್ತಿಟ್ಟಿದ್ದ ಟೇಪುಗಳನ್ನು ಎಸ್‌ಎಸಿಡಿಯಲ್ಲಿ ಮೊದಲ ಬಾರಿಗೆ ಹೊರತಂದರು. ಇವುಗಳಲ್ಲಿ ಹಿಂದಿನ ಸ್ಪೀಕರ್‌ಗಳಿಂದ ವಾದ್ಯಗಳು ಬರುವುದಿಲ್ಲ. ಅಲ್ಲಿ ಇರುವುದು ಸಭಾಂಗಣ. 1888ರಲ್ಲಿ ತೆರೆದ ಕಾನ್ಸರ್ಟ್‌ಹೆಬೌನ ಗೋಡೆ, ಚಾವಣಿಗಳಿಗೆ ಬಡಿದು ಹಿಂತಿರುಗುವ ಸದ್ದು. ಹಿಂದಿನ ಎರಡು ಸ್ಪೀಕರ್‌ಗಳನ್ನು ಬಂದ್ ಮಾಡಿದರೆ ಏನೂ ವ್ಯತ್ಯಾಸವಾಗಲಿಲ್ಲ ಅನ್ನಿಸುತ್ತದೆ, ಒಂದು ಕ್ಷಣ. ಆಮೇಲೆ ಗ್ರುಮಿಯೊ ಕುಗ್ಗಿ, ಒಂದು ಕಿಟಕಿಯಾಚೆಗೆ ಸರಿದುಹೋಗಿದ್ದಾರೆ ಎಂದು ತಿಳಿಯುತ್ತದೆ. ಸರೌಂಡ್ ಎಂದರೆ ತಲೆ ಸುತ್ತ ಹೆಲಿಕಾಪ್ಟರ್ ಹಾರಿಸುವುದು ಎಂದುಕೊಂಡವರಿಗೆ ನಾನು ಈ ಡಿಸ್ಕ್ ಕೇಳಿಸುತ್ತೇನೆ.

ಸೀಮಿತ ಪ್ರತಿಗಳು ಏಕೆ ಎನ್ನುವುದಕ್ಕೆ ಕಾರಣ ಇದೆ, ಎಲ್ಲವೂ ವ್ಯಾಪಾರದ ತಂತ್ರವಲ್ಲ. ಈ ಡಿಸ್ಕ್‌ಗಳನ್ನು ತರುವವರು ಹೆಚ್ಚಾಗಿ ಸಣ್ಣ ಕಂಪನಿಗಳು. ಹಾಡಿನ ಹಕ್ಕು ದೊಡ್ಡ ಕಂಪನಿಯ ಕೈಯಲ್ಲಿ ಇರುತ್ತದೆ. ಸಣ್ಣವರು ಇಷ್ಟು ಪ್ರತಿ, ಇಷ್ಟು ವರ್ಷ ಎಂದು ಒಪ್ಪಂದ ಮಾಡಿಕೊಂಡು ಮುದ್ರಿಸುತ್ತಾರೆ. ಎಸ್‌ಎಸಿಡಿ ಒತ್ತುವ ಕಾರ್ಖಾನೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಒಪ್ಪಂದದ ಅವಧಿ ಮುಗಿದ ಮೇಲೆ ಬೇಡಿಕೆ ಇದ್ದರೂ ಮತ್ತೆ ಒತ್ತುವಂತಿಲ್ಲ. ಅಮೆರಿಕದ ಆಡಿಯೋ ಫಿಡೆಲಿಟಿ ಕಂಪನಿ ಹೊದಿಕೆಯ ಮೇಲೆ ಕ್ರಮಸಂಖ್ಯೆ ಅಚ್ಚೊತ್ತಿ ಕ್ವಾಡ್ ಎಸ್‌ಎಸಿಡಿಗಳನ್ನು ತರುತ್ತಿತ್ತು. ಕಂಪನಿ ಈಗ ಇಲ್ಲ, ಅವರ ಡಿಸ್ಕ್‌ಗಳು ಕೈಯಿಂದ ಕೈಗೆ ಮಾತ್ರ ದಾಟುತ್ತವೆ. ವಾರ್ನರ್ ಬಳಗದ ರೈನೋ 2016ರಲ್ಲಿ ಶಿಕಾಗೋ ತಂಡದ ಕ್ವಾಡ್ ಆಲ್ಬಂಗಳನ್ನೆಲ್ಲ ಒಂಬತ್ತು ಬ್ಲೂ-ರೇಗಳ ಪೆಟ್ಟಿಗೆಯಾಗಿ ಹೊರತಂದಿತು, ಆಮೇಲೆ ಕ್ವಾಡಿಯೋ ಎಂಬ ಹೆಸರಿನಲ್ಲಿ ಬಿಡಿ ಡಿಸ್ಕ್‌ಗಳನ್ನೂ. ಇಂಗ್ಲೆಂಡಿನಲ್ಲಿ ಪಾಲ್ ಸಿಂಕ್ಲೇರ್ ಎಂಬುವರು ನಡೆಸುವ ಬ್ಲೂ-ರೇ ಸರಣಿಯೊಂದಿದೆ. ಮೊದಲೇ ಬೇಡಿಕೆ ಪಡೆದು ಒತ್ತಿಸುತ್ತಾರೆ, ಬಾಗಿಲು ಮುಚ್ಚಿದ ಮೇಲೆ ಮುಗಿಯಿತು.

ನನಗೆ ಎಲ್ಲರಿಗಿಂತ ಪ್ರೀತಿ ಇಂಗ್ಲೆಂಡಿನ ಡಟನ್ ವೊಕೇಲಿಯನ್ ಕಂಪನಿಯ ಮೇಲೆ. ಕ್ವಾಡ್ ಕಾಲದ ಮಾಸ್ಟರ್ ಟೇಪುಗಳನ್ನು ಹುಡುಕಿ, ಬಹಳ ಸಲ ಎರಡು ಆಲ್ಬಂಗಳನ್ನು ಒಂದೇ ಎಸ್‌ಎಸಿಡಿಗೆ ಸೇರಿಸಿ, ಸಾಧಾರಣ ಬೆಲೆಗೆ ಕೊಡುತ್ತಾರೆ. ಆರಿಸುವುದೂ ಬರೀ ಹೆಸರುವಾಸಿಗಳನ್ನಲ್ಲ. ವಾದ್ಯವೃಂದದ ಲಘು ಸಂಗೀತ, ಮರೆತುಹೋದ ಜಾಝ್, ಟಿವಿ ಸಂಗೀತ. ಬೇರೆ ಯಾರೂ ಮುಟ್ಟದ ಟೇಪುಗಳಿಗೆ ಇವರು ಬೆಲೆ ಕೊಟ್ಟರು. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಹೋದ ಮೇಲೆ ಅಲ್ಲಿಂದ ಬರುವ ಪಾರ್ಸೆಲ್‌ಗಳಿಗೆ ಇಲ್ಲಿ 21 ಪ್ರತಿಶತ ತೆರಿಗೆ ಬೀಳುತ್ತದೆ, ಹಾಗಾಗಿ ಈಗ ಒಂದೊಂದಾಗಿ ತರಿಸದೆ ಐದಾರು ಒಟ್ಟಾದ ಮೇಲೆ ತರಿಸುತ್ತೇನೆ. ಭಾರತಕ್ಕೆ ತರಿಸುವ ಗೆಳೆಯರಿಗೂ ಇದನ್ನೇ ಹೇಳುತ್ತೇನೆ. ಯಾರಾದರೂ ಊರಿಗೆ ಹೋಗುವವರಿದ್ದರೆ ಅವರ ಪೆಟ್ಟಿಗೆಯಲ್ಲಿ ಕಳಿಸುವುದು ಇನ್ನೂ ಒಳ್ಳೆಯದು.

ಮರುಮಾರಾಟದ ಬೆಲೆ ಏರುತ್ತದೆ ಎಂದು ಎರಡು, ಮೂರು ಪ್ರತಿ ಕೊಂಡು, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಇಟ್ಟುಕೊಳ್ಳುವವರಿದ್ದಾರೆ. ಅವರ ದುಡ್ಡು, ಅವರ ಇಷ್ಟ ಎಂದು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಸಾವಿರ ಪ್ರತಿಗಳಲ್ಲಿ ಇನ್ನೂರು ಬೀರುವಿನಲ್ಲಿ ಬಾಯಿ ಕಟ್ಟಿಕೊಂಡು ಕೂತರೆ ಇನ್ನೂರು ಮನೆಗಳಲ್ಲಿ ಆ ಸಂಗೀತ ನುಡಿಯುವುದಿಲ್ಲ. ನನ್ನ ಬಳಿ ಇರುವ ಪ್ರತಿಯೊಂದು ಡಿಸ್ಕಿನ ಹೊದಿಕೆ ಬಿಚ್ಚಿದೆ.

ಕೊಳ್ಳುವಾಗ ಎಚ್ಚರವೂ ಬೇಕು. ಸರೌಂಡ್ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಮಿಕ್ಸ್ ಆಗಿರುವುದಿಲ್ಲ. ಸ್ಟೀರಿಯೋವನ್ನೇ ಯಂತ್ರಕ್ಕೆ ಕೊಟ್ಟು ಐದು ಸ್ಪೀಕರ್‌ಗಳಿಗೆ ಹರಡಿದವೂ ಇವೆ. ಕೇಳಿದರೆ ನೀರು ಬೆರೆಸಿದ ಹಾಗಿರುತ್ತವೆ. ಮಿಕ್ಸ್ ಮಾಡಿದವರ ಹೆಸರು, ಬಹು-ಹಾದಿಯ ಮೂಲ ಟೇಪಿನಿಂದ ಮಾಡಿದ್ದೇ ಎಂಬ ಮಾಹಿತಿ, ಈ ಎರಡು ಹೊದಿಕೆಯ ಮೇಲಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಎಲಿಯಟ್ ಶೈನರ್ ಹೆಸರಿದ್ದರೆ ನಾನು ಯೋಚನೆ ಮಾಡುವುದಿಲ್ಲ. ಸ್ಟೀವನ್ ವಿಲ್ಸನ್ ಹೆಸರಿದ್ದರೂ ಅಷ್ಟೇ.

ವಿಲ್ಸನ್ ಅವರ ಕೆಲಸದ ರೀತಿ ನನಗೆ ಬಹಳ ಹಿಡಿಸಿದ್ದು. ಹಳೆಯ ಆಲ್ಬಂನ ಮೂಲ ಟೇಪುಗಳು ಕೈಗೆ ಬಂದ ಕೂಡಲೇ ಅವರು ಸರೌಂಡ್‌ಗೆ ಕೈ ಹಾಕುವುದಿಲ್ಲ. ಮೊದಲು ಹಳೇ ಸ್ಟೀರಿಯೋ ಮಿಕ್ಸನ್ನು ಪಕ್ಕದಲ್ಲಿ ಇಟ್ಟುಕೊಂಡು, ಸದ್ದಿನ ಏರಿಳಿತ, ಪ್ರತಿಧ್ವನಿ, ಎಡಬಲ ಎಲ್ಲವನ್ನೂ ಹೋಲಿಸಿ ಹೋಲಿಸಿ ಅದನ್ನೇ ಮತ್ತೆ ಕಟ್ಟುತ್ತಾರೆ. ಅದು ಹೊಂದಿದ ಮೇಲಷ್ಟೇ ವಾದ್ಯಗಳನ್ನು ಸುತ್ತಲೂ ಬಿಡಿಸುತ್ತಾರೆ. ಕಿಂಗ್ ಕ್ರಿಮ್‌ಸನ್ ತಂಡದ 1969ರ ಮೊದಲ ಆಲ್ಬಂ 2009ರಲ್ಲಿ ಡಿವಿಡಿ-ಆಡಿಯೋ ಆಗಿ ಬಂದಾಗ ಹೀಗೇ ಆಯಿತು. ಆ ಕಾಲದಲ್ಲಿ ಟೇಪಿನಲ್ಲಿ ಇದ್ದದ್ದು ಎಂಟೇ ಹಾದಿ. ಜಾಗ ಸಾಲದೆ ಹಲವು ವಾದ್ಯಗಳನ್ನು ಒಟ್ಟುಗೂಡಿಸಿ ಇನ್ನೊಂದು ಟೇಪಿಗೆ ಇಳಿಸಿಕೊಳ್ಳುತ್ತಿದ್ದರು. ಹಾಗೆ ಇಳಿಸುವ ಮೊದಲಿನ ಟೇಪುಗಳು ಸಿಕ್ಕಿದ್ದರಿಂದ, ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಂದಿಸಿ, ಒಟ್ಟುಗೂಡಿದ್ದ ವಾದ್ಯಗಳನ್ನು ಮತ್ತೆ ಬಿಡಿಬಿಡಿಯಾಗಿ ಪಡೆದರು. ಅದರಲ್ಲಿ ಬರುವ ಮೆಲ್ಲೊಟ್ರಾನ್‌ನ (ಟೇಪಿನಲ್ಲಿ ತುಂಬಿಟ್ಟ ದನಿಗಳನ್ನು ನುಡಿಸುವ ಕೀಬೋರ್ಡ್) ತಂತಿವಾದ್ಯದ ದನಿ ಹಿಂದಿನಿಂದ ಎದ್ದು ಇಡೀ ಕೋಣೆಯನ್ನು ತುಂಬಿಕೊಳ್ಳುವಾಗ ಬೇರೆ ಕೆಲಸ ಮಾಡಲು ಆಗುವುದಿಲ್ಲ. ಅಡುಗೆಮನೆಯಲ್ಲಿದ್ದರೂ ಬಂದು ಕೂರುತ್ತೇನೆ.

ಪಿಂಕ್ ಫ್ಲಾಯ್ಡ್ ತಂಡದ 1973ರ ಡಾರ್ಕ್ ಸೈಡ್ ಆಫ್ ದ ಮೂನ್‌ಗೆ ಎರಡು ಹಳೆಯ ಸರೌಂಡ್ ಮಿಕ್ಸ್‌ಗಳಿವೆ. ಆ ಕಾಲದಲ್ಲೇ ಆಲನ್ ಪಾರ್ಸನ್ಸ್ ಮಾಡಿದ ಕ್ವಾಡ್ ಒಂದು, 2003ರಲ್ಲಿ ಜೇಮ್ಸ್ ಗತ್ರಿ ಎಸ್‌ಎಸಿಡಿಗಾಗಿ ಮಾಡಿದ 5.1 ಇನ್ನೊಂದು. ಆಮೇಲೆ ತಲೆಯ ಮೇಲಿನಿಂದಲೂ ಸದ್ದು ಬರುವ ಡಾಲ್ಬಿ ಅಟ್ಮಾಸ್ ಪದ್ಧತಿಯ ಮಿಕ್ಸ್ ಕೂಡ ಬಂತು. ಗತ್ರಿಯವರದು ನಯವಾಗಿದೆ, ಸಮತೂಕದ್ದು. ಆದರೂ ನನ್ನ ಮತ ಪಾರ್ಸನ್ಸ್‌ಗೆ. ಆಲ್ಬಂನಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುವ ಜಾಗ ಎಲ್ಲರಿಗೂ ಗೊತ್ತು. ಆ ಗಡಿಯಾರಗಳನ್ನು ಪಾರ್ಸನ್ಸ್ ಹಳೇ ಗಡಿಯಾರಗಳ ಅಂಗಡಿಯೊಂದರಲ್ಲಿ ಧ್ವನಿಮುದ್ರಿಸಿದ್ದು ಕ್ವಾಡ್ ಹೇಗಿರುತ್ತದೆ ಎಂದು ತೋರಿಸುವ ಪ್ರಾತ್ಯಕ್ಷಿಕೆಗಾಗಿ. ಅದು ಆಮೇಲೆ ಹಾಡಿನೊಳಗೆ ಬಂತು. ನಾಲ್ಕು ಮೂಲೆಗಳಿಗಾಗಿಯೇ ಹುಟ್ಟಿದ ಸದ್ದನ್ನು ಪ್ರಪಂಚವೆಲ್ಲ ಎರಡು ಸ್ಪೀಕರ್‌ಗಳಲ್ಲಿ ಕೇಳಿತು. ಪಾರ್ಸನ್ಸ್ ಕ್ವಾಡ್ ಅಧಿಕೃತವಾಗಿ ಡಿಜಿಟಲ್ ಡಿಸ್ಕಿನಲ್ಲಿ ಬಂದದ್ದು 2011ರ ದೊಡ್ಡ ಪೆಟ್ಟಿಗೆಯಲ್ಲಿ.

ಉಪಕರಣದ ಬಗ್ಗೆ ಹೆಚ್ಚು ಹೇಳಲಾರೆ. ಎಲ್ಲಾ ಸ್ಪೀಕರ್‌ಗಳೂ ಒಂದೇ ಬಗೆಯವಾಗಿರಲಿ. ಸಿನಿಮಾಕ್ಕೆ ಸಾಕಾಗುವ ಪುಟ್ಟ ಹಿಂಬದಿ ಸ್ಪೀಕರ್‌ಗಳು ಸಂಗೀತಕ್ಕೆ ಸಾಲವು, ಏಕೆಂದರೆ ಕ್ವಾಡ್ ಮಿಕ್ಸ್‌ಗಳಲ್ಲಿ ಡ್ರಮ್‌ಗಳೂ ಹಿಂದೆ ಬರಬಹುದು. ಹಿಂದಿನ ಎರಡು, ಕೂರುವವರ ಕಿವಿಗಿಂತ ತುಸು ಹಿಂದಕ್ಕೆ ಇರಲಿ. ಎಸ್‌ಎಸಿಡಿ, ಡಿವಿಡಿ-ಆಡಿಯೋ, ಬ್ಲೂ-ರೇ ಮೂರನ್ನೂ ಓದುವ ಪ್ಲೇಯರ್‌ಗಳಲ್ಲಿ ಎಲ್ಲರೂ ಮೆಚ್ಚಿದ್ದ ಒಪ್ಪೊ ಕಂಪನಿಯವರು 2018ರಲ್ಲಿ ತಯಾರಿಕೆ ನಿಲ್ಲಿಸಿದರು. ಹಳೆಯದು ಸಿಕ್ಕರೆ ಜೋಪಾನ ಮಾಡಿ. ಸೋನಿಯ ಕೆಲವು ಮಾದರಿಗಳೂ ಎಲ್ಲವನ್ನೂ ಓದುತ್ತವೆ. ಎಸ್‌ಎಸಿಡಿಗೆ ಪ್ರಾದೇಶಿಕ ಬೀಗ ಇಲ್ಲದಿರುವುದರಿಂದ ಜಪಾನಿನದ್ದನ್ನೂ ಧೈರ್ಯವಾಗಿ ತರಿಸಬಹುದು.

ಎಲ್ಲಾ ಮೊಬೈಲಿನಲ್ಲೇ ಸಿಗುತ್ತದಲ್ಲ ಎನ್ನುವವರಿಗೆ: ಸಿಗುವುದಿಲ್ಲ. 2021ರಿಂದ ಆ್ಯಪಲ್ ಮ್ಯೂಸಿಕ್‌ನಲ್ಲಿ ಡಾಲ್ಬಿ ಅಟ್ಮಾಸ್ ಮಿಕ್ಸ್‌ಗಳು ಬರುತ್ತಿವೆ, ಅವುಗಳಲ್ಲಿ ಚೆನ್ನಾಗಿರುವವೂ ಇವೆ, ನಾನೂ ಕೇಳುತ್ತೇನೆ. ಆದರೆ ಅಲ್ಲಿ ಬರುವುದು ಹಿಂಡಿ ಸಣ್ಣದು ಮಾಡಿದ ರೂಪ, ಹೆಚ್ಚೆಂದರೆ ಸೆಕೆಂಡಿಗೆ 768 ಕಿಲೋಬಿಟ್. ಬ್ಲೂ-ರೇಯಲ್ಲಿ ಅದೇ ಮಿಕ್ಸ್ ಏನೂ ಕಳೆದುಕೊಳ್ಳದೆ ಇರುತ್ತದೆ. ಅದಕ್ಕಿಂತ ದೊಡ್ಡ ಮಾತು, ಹಳೆಯ ಕ್ವಾಡ್ ಮತ್ತು 5.1 ಮಿಕ್ಸ್‌ಗಳಲ್ಲಿ ಬಹುಪಾಲಿಗೆ ಆ ಕಡೆ ಜಾಗವೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅವರನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಸಾಂಟಾನಾ ತಂಡದ ಲೋಟಸ್ ಹಾಕಿದೆ. 1973ರ ಜುಲೈನಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ಕಛೇರಿಯ ಧ್ವನಿಮುದ್ರಣ ಅದು. ಮೂರು ಎಲ್‌ಪಿಗಳ ಆ ಆಲ್ಬಂಗೆ ತಡನೋರಿ ಯೊಕೊ ಎಂಬ ಕಲಾವಿದರು 22 ಮುಖಗಳ ಮಡಚುವ ಹೊದಿಕೆ ಮಾಡಿದ್ದರು. 2017ರಲ್ಲಿ ಸೋನಿಯ ಜಪಾನ್ ಶಾಖೆ ಕ್ವಾಡ್ ಮಿಕ್ಸ್ ಸಮೇತ ಎಸ್‌ಎಸಿಡಿ ತಂದಾಗ, ಆ ಹೊದಿಕೆಯನ್ನೂ ಏಳಂಗುಲದ ಅಳತೆಗೆ ಇಳಿಸಿ, ಎಲ್ಲಾ ಮಡಿಕೆಗಳ ಸಮೇತ ಮಾಡಿಕೊಟ್ಟಿತು. ಮಡಿಕೆ ಬಿಚ್ಚುತ್ತ ಹೋದರೆ ಬುದ್ಧನ, ದೇವಲೋಕಗಳ ಚಿತ್ರಗಳು ಊಟದ ಮೇಜನ್ನೆಲ್ಲ ಹರಡಿಕೊಳ್ಳುತ್ತವೆ. ಕೂಡಿಡುವವರು ಹೊದಿಕೆಗೆ ಏಕೆ ಬೀಳುತ್ತಾರೆ ಎಂದು ತಿಳಿಯಬೇಕಾದರೆ ಇದನ್ನು ಒಮ್ಮೆ ಬಿಚ್ಚಿ ನೋಡಬೇಕು.

ಅಮ್ಮ ಚಿತ್ರಗಳನ್ನು ನೋಡುತ್ತಿದ್ದರು. ಹಾಡು ಮುಗಿದು ಚಪ್ಪಾಳೆ ಬಂದಾಗ ತಿರುಗಿ ನೋಡಿ, "ಹಿಂದ್ಗಡೆ ಇಷ್ಟೊಂದು ಜನ ಇದಾರಲ್ಲೇ!" ಎಂದರು. ಆಮೇಲೆ ತಾಳವಾದ್ಯಗಳ ಜಾಗ ಬಂತು. ಎರಡು ಬದಿಗೂ ಕೈ ಚಾಚಿ ಅದು ಇಲ್ಲಿ, ಇದು ಇಲ್ಲಿ ಎಂದು ಬೆರಳಿನಿಂದ ತೋರಿಸುತ್ತ ಕೂತರು. ಅವರು ಮದುವೆಗೆ ಮುಂಚೆ ನಾಲ್ಕಾರು ವರ್ಷ ಸಂಗೀತ ಪಾಠ ಹೇಳಿಸಿಕೊಂಡವರು, ತಾಳದ ಕಿವಿ ಇನ್ನೂ ಚುರುಕು. ಡಿಸ್ಕ್ ಮುಗಿದ ಮೇಲೆ ಕೇಳಿದ್ದು ಒಂದೇ: "ನಮ್ಮ ಸಂಗೀತ ಹೀಗೆ ಸಿಗೋದಿಲ್ವೇನೇ?"

ನನ್ನ ಕಪಾಟಿನಲ್ಲಿ ಕರ್ನಾಟಕ ಸಂಗೀತದ ಸರೌಂಡ್ ಡಿಸ್ಕ್ ಒಂದೂ ಇಲ್ಲ. ಬೆಂಗಳೂರಿನ ರಿಕ್ಕಿ ಕೇಜ್ ಅವರು ಸ್ಟೂವರ್ಟ್ ಕೋಪ್‌ಲ್ಯಾಂಡ್ ಜೊತೆ ಮಾಡಿದ ಡಿವೈನ್ ಟೈಡ್ಸ್‌ಗೆ 2023ರಲ್ಲಿ ಅತ್ಯುತ್ತಮ ಇಮ್ಮರ್ಸಿವ್ (ಕೇಳುವವರನ್ನು ಸುತ್ತುವರಿಯುವ) ಆಡಿಯೋ ಆಲ್ಬಂ ಎಂದು ಗ್ರ್ಯಾಮಿ ಬಂತು. ಈ ಕಲೆಯ ಅತಿ ದೊಡ್ಡ ಗೌರವ ಅದು, ಬೆಂಗಳೂರಿಗೇ ಬಂತು. ಆದರೆ ಅಮ್ಮ ಕೇಳಿದ್ದು ಕಛೇರಿಯನ್ನು.

ಕಛೇರಿಯಲ್ಲಿ ವಾದ್ಯಗಳೆಲ್ಲ ಮುಂದೆಯೇ ಇರುತ್ತವಲ್ಲ, ಹಿಂದಿನ ಸ್ಪೀಕರ್‌ಗಳಿಗೆ ಏನು ಕೆಲಸ ಎಂದು ಕೇಳಬಹುದು. ಕೆಲಸ ತುಂಬ ಇದೆ. ರಾಮನವಮಿಯ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ರಾಮಸೇವಾ ಮಂಡಳಿಯ ಕಛೇರಿಗಳನ್ನು ಕೇಳಿದವರಿಗೆ ಗೊತ್ತು. ಬೆನ್ನ ಹಿಂದಿನ ಸಾಲಿನಲ್ಲಿ ಯಾರೋ ತೊಡೆ ತಟ್ಟುತ್ತ ಹಾಕುವ ತಾಳ, ಸಂಗತಿಯೊಂದು ಸರಿಯಾಗಿ ಕೂತಾಗ ಎಡದ ಮೂಲೆಯಿಂದ ಬರುವ "ಭಲೇ", ತನಿ ಆವರ್ತನ ಮುಕ್ತಾಯಕ್ಕೆ ಬರುವಾಗ ಇಡೀ ಸಭೆ ಒಟ್ಟಿಗೆ ಉಸಿರು ಹಿಡಿಯುವುದು. ಹಾಡುವವರು ಮುಂದಿನದನ್ನು ಹಾಡುವುದೇ ಆ ಸದ್ದುಗಳನ್ನು ಕೇಳಿಸಿಕೊಂಡು. ನಮ್ಮ ಧ್ವನಿಮುದ್ರಣಗಳಲ್ಲಿ ಅದನ್ನೆಲ್ಲ ಗದ್ದಲ ಎಂದು ಕತ್ತರಿಸಿಬಿಡುತ್ತಾರೆ, ಇಲ್ಲವೇ ಎರಡು ಸ್ಪೀಕರ್‌ಗಳಿಗೆ ತುರುಕಿ ಹಾಡಿನ ಮೇಲೇ ಹೇರುತ್ತಾರೆ. ಸಭೆಯನ್ನು ಕೇಳುವವರ ಹಿಂದೆಯೇ ಕೂರಿಸಿ, ಹಾಡನ್ನು ಮುಂದೆ ಸ್ವಚ್ಛವಾಗಿ ನಿಲ್ಲಿಸಲು ಬೇಕಾದದ್ದು ಇನ್ನಷ್ಟು ಮೈಕ್ ಮತ್ತು ಇನ್ನಷ್ಟು ಹಾದಿಗಳು. ಐನೂರು ಪ್ರತಿ ಒತ್ತಿಸಿದರೂ ಸಾಕು. ಅಮೆರಿಕ, ಯುರೋಪಿನ ಕನ್ನಡ ಸಂಘಗಳಲ್ಲಿ ಇರುವ ಸಂಗೀತಪ್ರಿಯರೇ ಕೊಂಡು ಮುಗಿಸುತ್ತಾರೆ. ಬೆಂಗಳೂರು, ಮೈಸೂರಿನಲ್ಲಿ ಧ್ವನಿಮುದ್ರಣದ ಕೆಲಸದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಹಣದ ಪಾಲು ಹಾಕಲು ನಾನಿದ್ದೇನೆ. ಇನ್ನೂ ಕೆಲವರನ್ನು ಕೂಡಿಸುತ್ತೇನೆ.

ಕೊನೆಗೆ ನನ್ನ ಹುಡುಕಾಟದ ಪಟ್ಟಿಯಲ್ಲಿ ಉಳಿದಿರುವುದು. ಜೆನಿಸಿಸ್ ತಂಡದ 1970ರಿಂದ 1975ರವರೆಗಿನ ಆಲ್ಬಂಗಳ ಎಸ್‌ಎಸಿಡಿ ಪೆಟ್ಟಿಗೆ, ನಿಕ್ ಡೇವಿಸ್ ಮಿಕ್ಸ್ ಮಾಡಿದ್ದು, 2008ರ ಯುರೋಪ್ ಮುದ್ರಣ. ಅಮೆರಿಕದ ಪೆಟ್ಟಿಗೆಯಲ್ಲಿ ಎಸ್‌ಎಸಿಡಿ ಬದಲು ಮಾಮೂಲಿ ಸಿಡಿ ಇದೆ, ಅದು ಬೇಡ. ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಜಾಝ್-ರಾಕ್ ತಂಡದ ಬರ್ಡ್ಸ್ ಆಫ್ ಫೈರ್ ಆಲ್ಬಂನ ಕ್ವಾಡ್ ಎಸ್‌ಎಸಿಡಿ ಕೂಡ. ಆ ತಂಡದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ ಶೀರ್ಷಿಕೆ ಹಾಡಿನ ಹದಿನೆಂಟರ ಎಣಿಕೆಗೆ ಅಮ್ಮ ಹೇಗೆ ತಾಳ ಹಾಕುತ್ತಾರೆ ಎಂದು ನೋಡುವ ಆಸೆ ಇದೆ, ಅವರು ಮತ್ತೆ ಬರುವುದು ಯುಗಾದಿ ಕಳೆದ ಮೇಲೆ. ಯಾರ ಬಳಿಯಾದರೂ ಈ ಎರಡರಲ್ಲಿ ಒಂದಿದ್ದು, ಕೊಡುವ ಮನಸ್ಸಿದ್ದರೆ ಬರೆಯಿರಿ. ಡಬ್ಬಿ ಒಡೆದಿದ್ದರೂ, ಪುಸ್ತಿಕೆ ಕಳೆದಿದ್ದರೂ ಅಡ್ಡಿಯಿಲ್ಲ, ಡಿಸ್ಕ್ ನುಡಿದರೆ ಸಾಕು.